ಅಪ್ಪನ ಕೋವಿ ಯಾರ ಕೈಗೆ? ಮಾರುವ ಮುನ್ನ ತಿಳಿಯಬೇಕಾದ ಕಾನೂನು

ಕಳೆದ ಮಳೆಗಾಲದ ಒಂದು ಸಂಜೆ ಘಟ್ಟದ ಮೇಲಿನಿಂದ ಫೋನ್ ಬಂತು. ಕರೆ ಮಾಡಿದವರು ಸಾಗರ ತಾಲೂಕಿನ ವರದಮೂಲದ ಆಸುಪಾಸಿನಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ಒಂದು ಕುಟುಂಬದ ಹಿರಿಮಗ. ಅವರ ಅಜ್ಜ ನಮ್ಮ ಕರಾವಳಿಯಿಂದ ಹೋಗಿ ಅಲ್ಲಿ ನೆಲೆ ನಿಂತವರು. ತಂದೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಜಮೀನಿನ ಖಾತೆ, ಬ್ಯಾಂಕಿನ ಪಾಸ್‌ಬುಕ್, ಸೊಸೈಟಿಯ ಷೇರು ಎಲ್ಲವನ್ನೂ ಅವರು ಸರಿಪಡಿಸಿಕೊಂಡಿದ್ದರು. ಉಳಿದದ್ದು ಒಂದೇ. ಮಲಗುವ ಕೋಣೆಯ ಗೋಡೆಗೆ ಒರಗಿಸಿಟ್ಟಿದ್ದ ತಂದೆಯ ಒಂಟಿ ನಳಿಗೆಯ ತೋಟಾ ಕೋವಿ.

ಪಕ್ಕದ ತೋಟದವರು ಅದನ್ನು ಕೊಳ್ಳಲು ಮುಂದೆ ಬಂದಿದ್ದರು. ತಂದೆಯ ಕಾಲದಿಂದಲೂ ಒಂದೇ ಮನೆಯವರಂತೆ ಇದ್ದವರು, ಮುಂಗಡವನ್ನೂ ಕೊಟ್ಟಾಗಿತ್ತು. ಆದರೆ ತಾಯಿಗೆ ಸಮಾಧಾನವಿರಲಿಲ್ಲ. ಮೊಮ್ಮಕ್ಕಳು ಓಡಾಡುವ ಮನೆ. ವ್ಯವಹಾರ ಮುಗಿಯುವವರೆಗೆ ಕೋವಿಯನ್ನು ಕಾರಿನಲ್ಲಿ ಹಾಕಿಕೊಂಡು ಹುಲಿಕಲ್ ಘಾಟಿ ಇಳಿದು ಕರಾವಳಿಯ ಸಂಬಂಧಿಕರ ಮನೆಗೆ ತಲುಪಿಸುವುದು, ಅವರು ಅದನ್ನು ಇಗರ್ಜಿಯ ಗುರುನಿವಾಸದಲ್ಲಿ ಇಡಿಸುವುದು ಎಂದು ಅವರ ಯೋಜನೆ. "ಫಾದರ್, ನಾಲ್ಕು ದಿನದ ಮಟ್ಟಿಗೆ ನಿಮ್ಮಲ್ಲಿ ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಇದ್ದರೆ ಅಮ್ಮನಿಗೆ ನಿದ್ದೆ ಬರುತ್ತದೆ" ಎಂದರು.

ನಾನು ಆಗುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು. ಆದರೆ ಆ ಒಂದು ಸಂಜೆಯ ಮಾತಿನಲ್ಲೇ ಆ ಕುಟುಂಬ ತಿಳಿಯದೆ ಮಾಡಲು ಹೊರಟಿದ್ದ ತಪ್ಪುಗಳು ಒಂದಲ್ಲ, ನಾಲ್ಕು. ಲೈಸೆನ್ಸುದಾರರು ತೀರಿಕೊಂಡ ಮೇಲೂ ಕೋವಿಯನ್ನು ಮನೆಯಲ್ಲಿ ಇಟ್ಟುಕೊಂಡದ್ದು ಒಂದು, ಯಾರಿಗೂ ಲಿಖಿತವಾಗಿ ತಿಳಿಸದೆ ಮಾರಾಟಕ್ಕೆ ಒಪ್ಪಿದ್ದು ಇನ್ನೊಂದು. ಲೈಸೆನ್ಸ್ ಇಲ್ಲದವರು ಅದನ್ನು ಕಾರಿನಲ್ಲಿ ಸಾಗಿಸುವುದು ಮೂರನೆಯದು, ಲೈಸೆನ್ಸ್ ಇಲ್ಲದ ನನ್ನಂಥವನ ಕೈಗೆ ಒಪ್ಪಿಸುವುದು ನಾಲ್ಕನೆಯದು. ಇದರಲ್ಲಿ ಯಾವುದರ ಹಿಂದೆಯೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಆಯುಧದ ವಿಷಯದಲ್ಲಿ ಒಳ್ಳೆಯ ಉದ್ದೇಶ ಲೈಸೆನ್ಸಿನ ಸ್ಥಾನ ತುಂಬುವುದಿಲ್ಲ.

ನಮ್ಮ ಓದುಗರಲ್ಲಿ ಅನೇಕರ ಬಂಧುಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕೃಷಿ ಮಾಡಿಕೊಂಡಿದ್ದಾರೆ. ಘಟ್ಟದ ಕೆಳಗಿನ ಕಾಡಂಚಿನ ಊರುಗಳಲ್ಲೂ ಕೋವಿ ಇರುವ ಮನೆಗಳು ಕಡಿಮೆಯೇನಲ್ಲ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಮಲೆನಾಡಿನ ಮನೆಯಲ್ಲಿ ಕೋವಿ ಏಕೆ?

ವರದಮೂಲ ವರದಾ ನದಿ ಹುಟ್ಟುವ ಸ್ಥಳ. ಇಕ್ಕೇರಿಗೆ ಸಮೀಪದ ಈ ಪುಟ್ಟ ಊರಿನಿಂದ ಹೊರಟ ನದಿ ಬನವಾಸಿಯನ್ನು ಬಳಸಿ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಸುತ್ತಲೂ ಅಡಿಕೆ ತೋಟ, ಗದ್ದೆ, ಬೆಟ್ಟ, ಕಾಡು. ಕಾಡಿನಂಚಿನಲ್ಲಿ ಬೇಸಾಯ ಮಾಡುವವನಿಗೆ ಬೆಳೆ ಕೈಗೆ ಬರುವವರೆಗೂ ನೆಮ್ಮದಿ ಇಲ್ಲ. ರಾತ್ರಿ ಕಾಡುಹಂದಿ ಗದ್ದೆ ಉತ್ತು ಹೋಗುತ್ತದೆ, ಹಗಲು ಮಂಗಗಳು ಎಳೆ ಅಡಿಕೆ, ಏಲಕ್ಕಿ, ಬಾಳೆಯನ್ನು ಹಾಳು ಮಾಡುತ್ತವೆ. ಕಾಟಿಯ ಹಿಂಡು ಒಮ್ಮೆ ತೋಟಕ್ಕೆ ನುಗ್ಗಿದರೆ ಎಳೆಯ ಸಸಿಗಳ ಕಥೆ ಮುಗಿದಂತೆ. ಹೀಗಾಗಿ ಬೆಳೆ ರಕ್ಷಣೆಯ ಕೋವಿ ಇಲ್ಲಿ ಕತ್ತಿ, ಹಾರೆ, ಪಿಕಾಸಿಗಳ ಸಾಲಿನಲ್ಲೇ ನಿಂತಿದೆ.

ಕಾನೂನು ಕೂಡ ಈ ಕಷ್ಟವನ್ನು ಮರೆತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ನಮ್ಮಲ್ಲಿ ಕೇಪಿನ ಕೋವಿ ಎನ್ನುವುದಕ್ಕೆ, ಅರ್ಜಿ ಹಾಕುವ ರೈತನನ್ನು ಅನುಕೂಲಕರ ದೃಷ್ಟಿಯಿಂದಲೇ ನೋಡುತ್ತದೆ. ಅಂಥ ಕೋವಿ ಸಾಲದು ಎಂದು ಮನವರಿಕೆಯಾದರೆ ತೋಟಾ ಹಾಕುವ ಕೋವಿಗೂ ಅನುಮತಿ ಕೊಡಬಹುದು. ಆದರೆ ಲೈಸೆನ್ಸ್ ಸಿಕ್ಕಿತು ಎಂದರೆ ಪ್ರಾಣಿಗಳನ್ನು ಕೊಲ್ಲಲು ಅನುಮತಿ ಸಿಕ್ಕಿತು ಎಂದಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ. ಬೆಳೆಗೆ ಹಾನಿ ಮಾಡುವ ಕಾಡುಹಂದಿಯನ್ನು ಹೊಡೆಯುವುದಕ್ಕೂ ಅರಣ್ಯ ಇಲಾಖೆಯ ಅಧಿಕೃತ ಅನುಮತಿ ಬೇಕು. ಹೆಚ್ಚಿನ ಮನೆಗಳಲ್ಲಿ ಕೋವಿಯ ಕೆಲಸ ಸದ್ದು ಮಾಡಿ ಓಡಿಸುವುದಷ್ಟೇ.

ಲೈಸೆನ್ಸ್ ಕೋವಿಗಲ್ಲ, ವ್ಯಕ್ತಿಗೆ

ನಮ್ಮ ಜನರಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆ ಇದೆ. "ಕೋವಿಗೆ ಲೈಸೆನ್ಸ್ ಇದೆ, ಹಾಗಾಗಿ ಮಾರಬಹುದು" ಎಂದು ಹೇಳುತ್ತಾರೆ. ವಾಹನದ ಆರ್.ಸಿ. ಪುಸ್ತಕದಂತೆ ಕೋವಿಯ ಜೊತೆಗೆ ಲೈಸೆನ್ಸೂ ಕೈ ಬದಲಿಸುತ್ತದೆ ಎಂಬ ಭಾವನೆ ಇದರ ಹಿಂದಿದೆ. ವಾಸ್ತವದಲ್ಲಿ ಲೈಸೆನ್ಸ್ ಕೊಡುವುದು ಒಬ್ಬ ನಿರ್ದಿಷ್ಟ ವ್ಯಕ್ತಿಗೆ. ಅವನ ನಡತೆ, ವಯಸ್ಸು, ಅಗತ್ಯ ಇವುಗಳನ್ನು ಪರಿಶೀಲಿಸಿ, ಪೊಲೀಸ್ ವರದಿ ತರಿಸಿ, ಅವನ ಹೆಸರಿಗೆ ಕೊಡುತ್ತಾರೆ. ಆ ವ್ಯಕ್ತಿ ತೀರಿಕೊಂಡ ದಿನವೇ ಆ ಲೈಸೆನ್ಸಿನ ಬಲವೂ ಹೋಗುತ್ತದೆ. ಹೆಂಡತಿಗಾಗಲಿ ಮಗನಿಗಾಗಲಿ ಅದು ತಾನಾಗಿ ಬರುವುದಿಲ್ಲ.

ಇನ್ನೊಂದು ಗಮನಾರ್ಹ ಅಂಶ ವರ್ಗಾವಣೆ ಎಂಬ ಪದದ ಅರ್ಥ. ದುಡ್ಡು ತೆಗೆದುಕೊಂಡರೆ ಮಾತ್ರ ಮಾರಾಟ, ಸುಮ್ಮನೆ ಕೊಟ್ಟರೆ ತೊಂದರೆಯಿಲ್ಲ ಎಂದು ಅನೇಕರು ನಂಬಿದ್ದಾರೆ. ಕಾಯ್ದೆಯ 2ನೇ ಕಲಮಿನ ಪ್ರಕಾರ ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ಉಡುಗೊರೆಯಾಗಿ ಕೊಡುವುದು, ಒಟ್ಟಾರೆ ಸ್ವಾಧೀನ ಬಿಟ್ಟುಕೊಡುವುದು ಎಲ್ಲವೂ ವರ್ಗಾವಣೆಯೇ. "ಇವತ್ತು ರಾತ್ರಿ ಹಂದಿ ಕಾಯಬೇಕು, ಕೋವಿ ಕೊಡು, ಬೆಳಿಗ್ಗೆ ತಂದುಕೊಡುತ್ತೇನೆ" ಎಂದು ನೆರೆಯವನು ಕೇಳಿದಾಗ ಕೊಟ್ಟರೆ ಅದೂ ವರ್ಗಾವಣೆ. ಲೈಸೆನ್ಸ್ ಇಲ್ಲದ ಇನ್ನೊಬ್ಬರು ಕೋವಿಯನ್ನು ಒಯ್ಯಲು ಕಾಯ್ದೆ ಕೊಟ್ಟಿರುವ ರಿಯಾಯಿತಿ ಬಹಳ ಸಣ್ಣದು. ಲೈಸೆನ್ಸುದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅಧಿಕಾರ ಪತ್ರದೊಂದಿಗೆ, ರಿಪೇರಿಗಾಗಿ, ಲೈಸೆನ್ಸ್ ನವೀಕರಣಕ್ಕಾಗಿ ಅಥವಾ ಲೈಸೆನ್ಸುದಾರನೇ ಬಳಸುವುದಕ್ಕಾಗಿ ಮಾತ್ರ ಒಯ್ಯಬಹುದು. ಲೈಸೆನ್ಸುದಾರನೇ ಇಲ್ಲವಾದ ಮೇಲೆ ಅಧಿಕಾರ ಪತ್ರ ಬರೆದುಕೊಡುವವರು ಯಾರು?

ಮಾರಬಾರದು ಎಂದಿಲ್ಲ, ಆದರೆ 45 ದಿನ

ಹಾಗಾದರೆ ಬಳಸಿದ ಕೋವಿಯನ್ನು ಖಾಸಗಿಯಾಗಿ ಮಾರುವಂತೆಯೇ ಇಲ್ಲವೇ? ಮಾರಬಹುದು. ಕಾಯ್ದೆಯ 5ನೇ ಕಲಮಿನ 2ನೇ ಉಪಕಲಮು ಇದಕ್ಕೆ ಅವಕಾಶ ಕೊಟ್ಟಿದೆ. ತನ್ನ ಸ್ವಂತ ಬಳಕೆಗಾಗಿ ಕಾನೂನುಬದ್ಧವಾಗಿ ಇಟ್ಟುಕೊಂಡಿರುವ ಆಯುಧವನ್ನು ಒಬ್ಬ ವ್ಯಕ್ತಿ ವ್ಯಾಪಾರಿಯ ಲೈಸೆನ್ಸ್ ಇಲ್ಲದೆಯೂ ಇನ್ನೊಬ್ಬರಿಗೆ ಮಾರಬಹುದು. ಆದರೆ ಅದಕ್ಕೆ ಮೂರು ಷರತ್ತುಗಳಿವೆ.

ಮೊದಲನೆಯದಾಗಿ, ಕೊಳ್ಳುವವರು ಆ ಆಯುಧವನ್ನು ಹೊಂದಲು ಕಾನೂನಿನ ಪ್ರಕಾರ ಅರ್ಹರಾಗಿರಬೇಕು. ಅಂದರೆ ಅವರ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಆ ಲೈಸೆನ್ಸಿನಲ್ಲಿ ಅದೇ ಬಗೆಯ ಕೋವಿ ಕೊಳ್ಳಲು ಅವಕಾಶ ಇರಬೇಕು. ಎರಡನೆಯದಾಗಿ, ಮಾರುವವರು ತಾವು ಮಾರಲು ಉದ್ದೇಶಿಸಿರುವುದನ್ನು, ಕೊಳ್ಳುವವರ ಹೆಸರು ಮತ್ತು ವಿಳಾಸ ಸಹಿತವಾಗಿ, ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಸಮೀಪದ ಪೊಲೀಸ್ ಠಾಣೆಯ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಮೂರನೆಯದಾಗಿ, ಹೀಗೆ ತಿಳಿಸಿದ ದಿನದಿಂದ ಕನಿಷ್ಠ 45 ದಿನ ಕಳೆಯಬೇಕು. ಅಲ್ಲಿಯವರೆಗೆ ಕೋವಿ ಕೈ ಬದಲಿಸುವಂತಿಲ್ಲ.

ಈ 45 ದಿನಗಳಲ್ಲಿ ಕೊಳ್ಳುವವರ ಲೈಸೆನ್ಸ್ ನಿಜವೇ, ಅವರ ಮೇಲೆ ಪ್ರಕರಣಗಳಿವೆಯೇ, ಈ ಕೋವಿಯ ಸಂಖ್ಯೆ ದಾಖಲೆಯಲ್ಲಿರುವ ಸಂಖ್ಯೆಗೆ ಹೊಂದುತ್ತದೆಯೇ ಎಂಬುದನ್ನು ಅಧಿಕಾರಿಗಳು ನೋಡಬಹುದು. ಮನೆಯವರು ಮಾಡಬೇಕಾದದ್ದು ಸರಳ. ಅರ್ಜಿಯ ಎರಡು ಪ್ರತಿ ಬರೆದು, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳುವುದು. ಮೊಹರಿಲ್ಲದ ಪ್ರತಿ ನಾಳೆ ಯಾವ ಸಾಕ್ಷಿಗೂ ಬಾರದು. ಅವಧಿ ಮುಗಿದು ಕೋವಿ ಹಸ್ತಾಂತರವಾದ ಮೇಲೆ ಮಾರಿದವರ ಲೈಸೆನ್ಸಿನಿಂದ ಅದರ ನಮೂದು ತೆಗೆಯಬೇಕು, ಕೊಂಡವರ ಲೈಸೆನ್ಸಿನಲ್ಲಿ ನಮೂದಾಗಬೇಕು. ಈ ಎರಡೂ ಆಗುವವರೆಗೆ ಮಾರಾಟ ಮುಗಿಯಿತು ಎಂದು ತಿಳಿಯಬಾರದು.

ಇಷ್ಟು ತಾಪತ್ರಯ ಬೇಡ ಎನ್ನುವವರಿಗೆ ಲೈಸೆನ್ಸ್ ಪಡೆದ ಕೋವಿ ವ್ಯಾಪಾರಿಗಳ ಮೂಲಕ ಮಾರುವ ದಾರಿಯೂ ಇದೆ. ಬೆಲೆ ಸ್ವಲ್ಪ ಕಡಿಮೆ ಸಿಗಬಹುದು, ಆದರೆ ಅಂಗಡಿಯ ರಿಜಿಸ್ಟರಿನಲ್ಲಿ ದಾಖಲಾಗುವುದರಿಂದ ಮನಸ್ಸಿಗೆ ನೆಮ್ಮದಿ ಇರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಕೋವಿಯ ಫೋಟೋ ಹಾಕಿ ಗಿರಾಕಿ ಹುಡುಕುವ ಕೆಲಸವನ್ನಂತೂ ಯಾರೂ ಮಾಡಬಾರದು. ನೋಡಿದವರಲ್ಲಿ ಯಾರು ಅರ್ಹರು, ಯಾರು ಅಲ್ಲ ಎಂಬುದು ನಮಗೆ ತಿಳಿಯುವುದಿಲ್ಲ.

ಕೊಳ್ಳುವವರು ಯಾರು?

ಕೊಳ್ಳುವವರ ಅರ್ಹತೆಯನ್ನು ಪರಿಶೀಲಿಸುವುದು ಮಾರುವವರದೂ ಹೊಣೆ. ಅರ್ಹತೆಯನ್ನು ಖಚಿತಪಡಿಸಿಕೊಳ್ಳದೆ ಆಯುಧ ಒಪ್ಪಿಸುವುದೇ ಕಾಯ್ದೆಯ 29ನೇ ಕಲಮಿನ ಪ್ರಕಾರ ಅಪರಾಧ. 21 ವರ್ಷ ತುಂಬದವರು, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾಗಿ ಬಿಡುಗಡೆಯ ನಂತರ 5 ವರ್ಷ ಕಳೆಯದವರು, ಶಾಂತಿ ಪಾಲನೆಗಾಗಿ ಮುಚ್ಚಳಿಕೆ ಬರೆದುಕೊಟ್ಟು ಅದರ ಅವಧಿ ಮುಗಿಯದವರು ಕೋವಿ ಕೊಳ್ಳುವಂತಿಲ್ಲ. ಬುದ್ಧಿ ಸ್ಥಿಮಿತದಲ್ಲಿಲ್ಲದವರಿಗೆ ಕೊಡುವುದನ್ನೂ ಕಾನೂನು ನಿಷೇಧಿಸಿದೆ. ಕುಡಿತ, ಜಮೀನು ಜಗಳ, ಮನೆಯೊಳಗಿನ ಹಿಂಸೆ ಇವುಗಳ ವಿಷಯ ಊರಿನವರಿಗೆ ಠಾಣೆಗಿಂತ ಮೊದಲೇ ತಿಳಿದಿರುತ್ತದೆ. ಕಾಗದಪತ್ರ ಸರಿಯಿದ್ದರೂ ಮನಸ್ಸು ಒಪ್ಪದ ಕಡೆ ಮಾರದಿರುವ ಸ್ವಾತಂತ್ರ್ಯ ನಮಗಿದೆ.

ವರದಮೂಲದ ಆ ಕುಟುಂಬದ ಪ್ರಕರಣದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, "ಪಕ್ಕದ ತೋಟದವರ ಹತ್ತಿರ ಲೈಸೆನ್ಸ್ ಇದೆಯೇ?" ಎಂಬುದು. ಇದೆ ಎಂದರು. ವಿಚಾರಿಸಿದಾಗ ಅದು ಅವರ ಅಣ್ಣನ ಹೆಸರಿನಲ್ಲಿದೆ ಎಂದು ತಿಳಿಯಿತು. ಅಣ್ಣನ ಲೈಸೆನ್ಸಿನಲ್ಲಿ ತಮ್ಮ ಕೋವಿ ಕೊಳ್ಳುವುದಕ್ಕೆ ಸಾಧ್ಯವಿಲ್ಲ.

"ಅರ್ಜಿ ಹಾಕಿದರಾಯಿತು, ನಾಳೆ ಅವರಿಗೂ ಸಿಗುತ್ತದೆ" ಎಂಬ ಮಾತೂ ಬಂತು. ಈ ತಾಲೂಕುಗಳಲ್ಲಿ ಹೊಸ ಲೈಸೆನ್ಸ್ ಅಷ್ಟು ಸುಲಭವಲ್ಲ. ವನ್ಯಜೀವಿ ಕಾಯ್ದೆಯ 34ನೇ ಕಲಮಿನ ಪ್ರಕಾರ ಯಾವುದೇ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿಯಿಲ್ಲದೆ ಹೊಸ ಕೋವಿ ಲೈಸೆನ್ಸ್ ಕೊಡುವಂತಿಲ್ಲ. ಸಾಗರ ತಾಲೂಕಿನಲ್ಲಿ ಶರಾವತಿ ಕಣಿವೆ ಅಭಯಾರಣ್ಯವಿದೆ, ಹೊಸನಗರ ಮತ್ತು ತೀರ್ಥಹಳ್ಳಿ ಕಡೆ ಶೆಟ್ಟಿಹಳ್ಳಿ ಅಭಯಾರಣ್ಯವಿದೆ, ಆಗುಂಬೆಯ ಕೆಳಗೆ ಸೋಮೇಶ್ವರ, ಕೊಲ್ಲೂರಿನ ಸುತ್ತ ಮೂಕಾಂಬಿಕಾ ಅಭಯಾರಣ್ಯಗಳಿವೆ. ಬೆಳೆ ಹಾನಿ ಅತಿ ಹೆಚ್ಚು ಇರುವುದೂ ಇದೇ ಕಾಡಂಚಿನಲ್ಲಿ, ಲೈಸೆನ್ಸ್ ಅತಿ ಕಷ್ಟವಾಗಿರುವುದೂ ಇದೇ ಕಾಡಂಚಿನಲ್ಲಿ. ಗುಟ್ಟಾಗಿ ಕೋವಿ ಕೊಳ್ಳುವ ಆಸೆ ಹುಟ್ಟುವುದು ಇಂಥ ಇಕ್ಕಟ್ಟಿನಲ್ಲೇ.

ಲೈಸೆನ್ಸುದಾರರು ತೀರಿಕೊಂಡಾಗ

ಮನೆಯ ಯಜಮಾನರು ತೀರಿಕೊಂಡ ದುಃಖದಲ್ಲಿ ಕೋವಿಯ ನೆನಪು ಯಾರಿಗೂ ಬರುವುದಿಲ್ಲ. ಅದು ಸಹಜ. ಆದರೆ ಕಾಯ್ದೆಯ 21ನೇ ಕಲಮು ಹೇಳುವಂತೆ, ಲೈಸೆನ್ಸ್ ಮುಗಿದು ಅಥವಾ ರದ್ದಾಗಿ ಆಯುಧ ಇಟ್ಟುಕೊಳ್ಳುವುದು ಕಾನೂನುಬದ್ಧವಲ್ಲ ಎಂದಾದಾಗ ಅನಗತ್ಯ ವಿಳಂಬವಿಲ್ಲದೆ ಅದನ್ನು ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಕೋವಿ ಠೇವಣಿ ಇಟ್ಟರೆ ಅದು ಸರ್ಕಾರದ ಪಾಲಾಯಿತು ಎಂಬ ಭಯ ಅನೇಕರಿಗಿದೆ. ಹಾಗಿಲ್ಲ. ನಿಯಮದಲ್ಲಿ ಹೇಳಿದ ಅವಧಿಯೊಳಗೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಪಡೆದು ಅದನ್ನು ಹಿಂದಕ್ಕೆ ಪಡೆಯಬಹುದು, ಇಲ್ಲವೇ ಅರ್ಹರಾದ ಇನ್ನೊಬ್ಬರಿಗೆ ಮಾರಬಹುದು. ಅವಧಿ ಮೀರಿದರೂ ಸುಮ್ಮನಿದ್ದರೆ ಮಾತ್ರ ಜಿಲ್ಲಾ ದಂಡಾಧಿಕಾರಿಗಳ ಆದೇಶದಿಂದ ಅದು ಸರ್ಕಾರಕ್ಕೆ ಸೇರಬಹುದು.

ಇನ್ನೂ ಒಳ್ಳೆಯ ದಾರಿ ಎಂದರೆ ಹಿರಿಯರು ಬದುಕಿರುವಾಗಲೇ ವ್ಯವಸ್ಥೆ ಮಾಡುವುದು. 2016ರ ಶಸ್ತ್ರಾಸ್ತ್ರ ನಿಯಮಗಳು ಇದಕ್ಕೆ ಅನುವು ಮಾಡಿಕೊಟ್ಟಿವೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದಾಗ, ತಮ್ಮ ಕಾನೂನುಬದ್ಧ ವಾರಸುದಾರರಲ್ಲಿ ಒಬ್ಬರನ್ನು ಸೂಚಿಸಿ ಅವರಿಗೆ ಲೈಸೆನ್ಸ್ ಕೊಡುವಂತೆ ಕೇಳಬಹುದು. ವಾರಸುದಾರರೂ ಅರ್ಹತೆಯ ಪರಿಶೀಲನೆಗೆ ಒಳಪಡಲೇಬೇಕು. ಆದರೆ ಅಪ್ಪ ಎದುರಿಗಿದ್ದು ಸಹಿ ಹಾಕುವ ಕೆಲಸ, ಅಪ್ಪ ಹೋದ ಮೇಲೆ ಅಣ್ಣ ತಮ್ಮಂದಿರು ಒಪ್ಪಿಗೆ ಪತ್ರಕ್ಕಾಗಿ ಅಲೆಯುವ ಕೆಲಸಕ್ಕಿಂತ ಎಷ್ಟೋ ಹಗುರ.

ಶಿಕ್ಷೆ ಎಷ್ಟು?

ಕಾಯ್ದೆ ಹಳೆಯದಾದರೂ ಅದರ ಪೆಟ್ಟು ಇತ್ತೀಚೆಗೆ ಬಹಳ ಬಲವಾಗಿದೆ. 2019ರ ಡಿಸೆಂಬರ್ 14ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, 5ನೇ ಕಲಮನ್ನು ಉಲ್ಲಂಘಿಸಿ ಆಯುಧ ಮಾರುವವರಿಗೆ ಅಥವಾ ವರ್ಗಾಯಿಸುವವರಿಗೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಹಿಂದೆ ಇದು 3ರಿಂದ 7 ವರ್ಷ ಇತ್ತು. ಲೈಸೆನ್ಸ್ ಇಲ್ಲದೆ ಸಾಮಾನ್ಯ ಬಗೆಯ ಕೋವಿಯನ್ನು ಇಟ್ಟುಕೊಂಡವರಿಗೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು ಮತ್ತು ದಂಡ. ಹಿಂದೆ ಇದು 1ರಿಂದ 3 ವರ್ಷ ಇತ್ತು. ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದವೂ ಈ ಲೆಕ್ಕದಲ್ಲಿ ಸೇರುತ್ತವೆ. ಲೈಸೆನ್ಸಿನ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿದ್ದು ಈ ತಿದ್ದುಪಡಿಯ ಒಂದು ಅನುಕೂಲ.

ಮುಂಗಡ ಪಡೆದು ನೆರೆಯವರ ಕೈಗೆ ಕೋವಿ ಕೊಟ್ಟಿದ್ದರೆ ಏನಾಗಬಹುದಿತ್ತು ಎಂದು ಸ್ವಲ್ಪ ಯೋಚಿಸಿ. ಆ ಕೋವಿಯಿಂದ ಮಬ್ಬುಗತ್ತಲಲ್ಲಿ ಹಂದಿ ಎಂದುಕೊಂಡು ಮನುಷ್ಯನಿಗೇ ಗುಂಡು ಬಿದ್ದರೆ, ಪೊಲೀಸರು ಮೊದಲು ನೋಡುವುದು ಕೋವಿಯ ಸಂಖ್ಯೆಯನ್ನು. ಆ ಸಂಖ್ಯೆ ಕರೆದೊಯ್ಯುವುದು ತೀರಿಕೊಂಡ ತಂದೆಯ ಮನೆಗೆ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಪ್ರಕರಣ ಗುಂಡು ಹೊಡೆದವನ ಮೇಲೆ ಬೀಳುತ್ತದೆ. ಆದರೆ ಕಾನೂನುಬಾಹಿರ ವರ್ಗಾವಣೆಯ ಪ್ರಕರಣ ಆ ವಿಧವೆ ತಾಯಿಯ ಮತ್ತು ಮಗನ ಮೇಲೆ ಬೀಳಬಹುದು. ಕೆಲವು ಸಾವಿರ ರೂಪಾಯಿಯ ವ್ಯವಹಾರಕ್ಕೆ 7 ವರ್ಷದ ಭಯ.

ತುಕ್ಕು ಹಿಡಿದ ಕೋವಿ, ನಂಬರ್ ಇಲ್ಲದ ಕೋವಿ, ಕೊಡಗಿನ ಕೋವಿ

ಈ ವಿಷಯ ಮಾತನಾಡುವಾಗಲೆಲ್ಲ ಮೂರು ಪ್ರಶ್ನೆಗಳು ಬರುತ್ತವೆ.

"ತುಕ್ಕು ಹಿಡಿದಿದೆ ಫಾದರ್, ಕುದುರೆಯೂ ಮುರಿದಿದೆ, ಗುಜರಿಗೆ ಹಾಕಿದರೇನು?" ಎಂದು ಕೆಲವರು ಕೇಳುತ್ತಾರೆ. ಹಳೆಯ ಮಾದರಿಯ, ಪ್ರಾಚ್ಯ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ 45ನೇ ಕಲಮಿನಲ್ಲಿ ವಿನಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಸಾಧ್ಯವೇ ಇಲ್ಲದ ಸ್ಥಿತಿಯಲ್ಲಿ ಇದ್ದರೆ ಮಾತ್ರ. ಕಮ್ಮಾರ ಒಂದು ದಿನ ಕೂತು ಸರಿಮಾಡಬಹುದಾದ ಕೋವಿ ಇನ್ನೂ ಕೋವಿಯೇ. ಅದು ಕೆಟ್ಟಿದೆ ಎಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಗುಜರಿಗೆ ಹಾಕುವ ಮೊದಲು ಠಾಣೆಗೆ ತೋರಿಸಬೇಕು.

ಎರಡನೆಯದು, ಯಾವ ಹೆಸರೂ ಸಂಖ್ಯೆಯೂ ಇಲ್ಲದ ನಾಡಕೋವಿ. ತಯಾರಕರ ಹೆಸರು, ಸಂಖ್ಯೆ ಅಥವಾ ಇತರ ಗುರುತಿಲ್ಲದ ಕೋವಿಯನ್ನು ಮಾರುವುದನ್ನು 8ನೇ ಕಲಮು ನಿಷೇಧಿಸಿದೆ. ಗುರುತಿಲ್ಲದ ಕೋವಿ ನಮ್ಮ ಬಳಿ ಸಿಕ್ಕರೆ ಅದನ್ನು ಅಳಿಸಿದವರು ನಾವೇ ಎಂದು ಕಾನೂನು ಭಾವಿಸುತ್ತದೆ, ಅಲ್ಲ ಎಂದು ತೋರಿಸುವ ಹೊಣೆ ನಮ್ಮದು. ಹಳೆಯ ಮನೆ ಕೊಂಡಾಗ ಅಟ್ಟದಲ್ಲಿ ಇಂಥದ್ದು ಕಂಡರೆ ಅದನ್ನು ಕೈಗೆತ್ತಿಕೊಂಡು ಓಡಾಡದೆ, ವಕೀಲರೊಬ್ಬರ ಸಲಹೆ ಪಡೆದು, ಠಾಣೆಗೆ ಬರವಣಿಗೆಯಲ್ಲಿ ತಿಳಿಸುವುದು ಕ್ಷೇಮ.

ಮೂರನೆಯದು ಕೊಡಗಿನ ಉದಾಹರಣೆ. "ಅಲ್ಲಿ ಲೈಸೆನ್ಸೇ ಬೇಡವಂತೆ, ನಮಗೇಕೆ?" ಎಂದು ಮಲೆನಾಡಿನವರು ಕೇಳುವುದುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಇರುವುದು ಆ ಜನರಿಗೆ, ಅವರ ಕೋವಿಗಲ್ಲ. ಕೊಡಗಿನ ಸ್ನೇಹಿತರ ಕೋವಿಯನ್ನು ತೀರ್ಥಹಳ್ಳಿಯವರು ಲೈಸೆನ್ಸ್ ಇಲ್ಲದೆ ಕೊಂಡರೆ ವಿನಾಯಿತಿ ಅದರ ಜೊತೆ ಬರುವುದಿಲ್ಲ.

ಕಾನೂನು ನ್ಯಾಯವಾಗಿದೆಯೇ?

ಇಷ್ಟೆಲ್ಲ ಓದಿದ ರೈತರೊಬ್ಬರು "ಕಾನೂನೆಲ್ಲ ನಮ್ಮ ಮೇಲೆಯೇ" ಎಂದರೆ ಅದನ್ನು ತಳ್ಳಿಹಾಕಲಾಗದು. ನಮ್ಮ ಶಸ್ತ್ರ ಕಾನೂನಿನ ಹುಟ್ಟೇ ಅನುಮಾನದಲ್ಲಿ ಆದದ್ದು. 1878ರಲ್ಲಿ ಲಾರ್ಡ್ ಲಿಟ್ಟನ್ ಆಡಳಿತ ದೇಶಭಾಷೆಯ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾಯ್ದೆಯನ್ನೂ ಭಾರತೀಯರ ಕೈಯಿಂದ ಆಯುಧ ತೆಗೆಯುವ ಕಾಯ್ದೆಯನ್ನೂ ಒಂದೇ ವರ್ಷ ತಂದಿತು. ಸ್ವತಂತ್ರ ಭಾರತ 1959ರಲ್ಲಿ ಹೊಸ ಕಾಯ್ದೆ ಮಾಡಿತು. ಹಾಗಿದ್ದೂ ಕಚೇರಿಯ ಕಿಟಕಿಯ ಮುಂದೆ ನಿಂತ ರೈತನಿಗೆ ಹಳೆಯ ಅನುಮಾನದ ನೋಟವೇ ಎದುರಾಗುತ್ತದೆ. ಪ್ರತಿ ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ. ಶಾಂತಿಯುತ ಚುನಾವಣೆ ಬೇಕು, ಸರಿ. ಆದರೆ ಯಾವ ದೂರೂ ಇಲ್ಲದ ಕೃಷಿಕನ ಕೋವಿ ತಿಂಗಳುಗಟ್ಟಲೆ ಠಾಣೆಯಲ್ಲಿದ್ದಾಗ ಹಂದಿಗಳೇನೂ ನೀತಿಸಂಹಿತೆ ಪಾಲಿಸುವುದಿಲ್ಲ.

ಹೊರಜಗತ್ತಿನ ಅನುಭವ ಇನ್ನೊಂದು ಪಾಠ ಹೇಳುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಒಬ್ಬ ಸಾಮಾನ್ಯ ವ್ಯಕ್ತಿ ಇನ್ನೊಬ್ಬನಿಗೆ ಬಳಸಿದ ಬಂದೂಕು ಮಾರುವಾಗ ಕೊಳ್ಳುವವನ ಹಿನ್ನೆಲೆ ಪರಿಶೀಲಿಸಬೇಕೆಂಬ ಕಡ್ಡಾಯವಿಲ್ಲ. ಆ ಸಡಿಲಿಕೆಯ ಬಗ್ಗೆ ಅಲ್ಲಿ ದಶಕಗಳಿಂದ ವಾದ ನಡೆಯುತ್ತಲೇ ಇದೆ. ನಮ್ಮ 45 ದಿನಗಳ ನಿಯಮ ಅದಕ್ಕಿಂತ ಮೇಲು ಎಂದೇ ನನ್ನ ಅನಿಸಿಕೆ. ಆಯುಧ ಯಾರ ಕೈಗೆ ಹೋಗುತ್ತಿದೆ ಎಂದು ಸಮಾಜಕ್ಕೆ ತಿಳಿದಿರಬೇಕು.

ಹೀಗಾಗಿ ಕೊರತೆ ಇರುವುದು ನಿಯಮದಲ್ಲಿ ಅಲ್ಲ, ನಿಯಮ ಪಾಲಿಸುವ ದಾರಿಯಲ್ಲಿ. ಶಿಕ್ಷೆಯನ್ನು 7 ವರ್ಷಕ್ಕೆ ಏರಿಸಿದ ಸರ್ಕಾರ, ಪ್ರಾಮಾಣಿಕವಾಗಿ ಕೋವಿ ಒಪ್ಪಿಸಲು ಅಥವಾ ಮಾರಲು ಬರುವವನಿಗೆ ದಾರಿಯನ್ನು ಅಷ್ಟೇ ಸುಲಭ ಮಾಡಬೇಕಿತ್ತು. ತಾಲೂಕು ಮಟ್ಟದಲ್ಲಿ ವರ್ಷಕ್ಕೊಮ್ಮೆ ಕೋವಿ ಅದಾಲತ್ ನಡೆಸಿದರೆ ವಾರಸಾ ಬದಲಾವಣೆ, ಮಾರಾಟದ ತಿಳಿವಳಿಕೆ ಪತ್ರ, ಹಳೆಯ ಕೋವಿಗಳ ಒಪ್ಪಿಸುವಿಕೆ ಎಲ್ಲವೂ ಒಂದೇ ಕಡೆ ಮುಗಿಯುತ್ತವೆ. ತಡವಾಗಿ ಆದರೂ ತಾನಾಗಿ ಬಂದು ಒಪ್ಪಿಸಿದವರನ್ನು ಅಪರಾಧಿಯಂತೆ ನೋಡದೆ ಇರುವ ಸ್ಪಷ್ಟ ಸೂಚನೆ ಠಾಣೆಗಳಿಗೆ ಹೋಗಬೇಕು. ಅಭಯಾರಣ್ಯದ ಅಂಚಿನ ರೈತನಿಗೆ ಬೆಳೆ ಪರಿಹಾರ ಬೇಗ ಕೈಸೇರಬೇಕು. ಈ ಬಾಗಿಲುಗಳು ಮುಚ್ಚಿರುವವರೆಗೆ ಹಿತ್ತಿಲ ಬಾಗಿಲಿನ ವ್ಯಾಪಾರ ನಿಲ್ಲುವುದಿಲ್ಲ.

ಧರ್ಮಕೇಂದ್ರಗಳು ಏನು ಮಾಡಬಹುದು?

ಮೊದಲನೆಯದಾಗಿ, ಯಾವ ಧರ್ಮಗುರುವೂ, ಸಿಸ್ಟರೂ, ಸಂಸ್ಥೆಯ ಮುಖ್ಯಸ್ಥರೂ ಯಾರ ಕೋವಿಯನ್ನೂ ಒಂದು ದಿನದ ಮಟ್ಟಿಗೂ ಇಟ್ಟುಕೊಳ್ಳಬಾರದು. ಕರುಣೆಯಿಂದ ಇಟ್ಟುಕೊಂಡರೂ ಅದು ಲೈಸೆನ್ಸ್ ಇಲ್ಲದ ಸ್ವಾಧೀನವೇ. ಕೋವಿಯ ಮಾರಾಟದ ಖಾಸಗಿ ಕರಾರಿಗೆ ಸಾಕ್ಷಿ ಹಾಕುವುದೂ ಬೇಡ.

ಎರಡನೆಯದಾಗಿ, ವಾಳೆಯ ಗುರಿಕಾರರು ಸಾವಿನ ಮನೆಗೆ ಭೇಟಿ ಕೊಟ್ಟು ಮರಣ ಪ್ರಮಾಣಪತ್ರ, ವಿಧವಾ ವೇತನ ಇತ್ಯಾದಿಗಳಿಗೆ ಸಹಾಯ ಮಾಡುವಾಗ, ಆ ಮನೆಯಲ್ಲಿ ಕೋವಿ ಇತ್ತೇ ಎಂಬುದನ್ನೂ ಮೆಲ್ಲನೆ ವಿಚಾರಿಸಲಿ. ಇದ್ದರೆ ಲೈಸೆನ್ಸ್ ಪುಸ್ತಕ ಮತ್ತು ಮರಣ ಪ್ರಮಾಣಪತ್ರದೊಂದಿಗೆ ಮೊದಲು ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಅವರು ಹೇಳಿದಂತೆ ಕೋವಿಯನ್ನೂ ಉಳಿದ ತೋಟಾಗಳನ್ನೂ ಠೇವಣಿ ಇಡಿಸಿ, ರಶೀದಿ ಪಡೆಯಲು ಜೊತೆಗೆ ಹೋಗಲಿ. ಒಂಟಿ ಹೆಂಗಸು ಠಾಣೆಯ ಮೆಟ್ಟಿಲು ಹತ್ತಲು ಹೆದರುತ್ತಾಳೆ, ಜೊತೆಗೆ ಇಬ್ಬರು ಇದ್ದರೆ ಆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ಮೂರನೆಯದಾಗಿ, ಪಾಲನಾ ಮಂಡಳಿಯವರು ವರ್ಷದಲ್ಲಿ ಒಮ್ಮೆಯಾದರೂ ಸ್ಥಳೀಯ ವಕೀಲರನ್ನೋ ಪೊಲೀಸ್ ಅಧಿಕಾರಿಯನ್ನೋ ಕರೆಸಿ ಕೋವಿ ಇರುವವರಿಗೆ ಮಾಹಿತಿ ಕೊಡಿಸಬಹುದು. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಯ ವಿಷಯವನ್ನೂ ಅಲ್ಲಿ ತಿಳಿಸಬಹುದು. ಮನೆಯಲ್ಲಿ ಕೋವಿಯನ್ನು ಬೀಗದೊಳಗೆ, ತೋಟಾಗಳನ್ನು ಬೇರೆ ಕಡೆ ಇಡುವ ಸರಳ ಎಚ್ಚರಿಕೆ ಎಷ್ಟೋ ಮಕ್ಕಳ ಜೀವ ಉಳಿಸುತ್ತದೆ.

ಇನ್ನು ವರದಮೂಲದ ಆ ಕುಟುಂಬದ ಮಾತು. ಫೋನ್ ಇಟ್ಟ ಎರಡು ದಿನಗಳ ನಂತರ ಮಗ ಊರಿನ ವಕೀಲರೊಬ್ಬರನ್ನು ಕಂಡರು. ಅರ್ಜಿ ಬರೆದು, ತಡವಾದದ್ದಕ್ಕೆ ಕಾರಣ ತಿಳಿಸಿ, ಕೋವಿಯನ್ನೂ ಡಬ್ಬಿಯಲ್ಲಿ ಉಳಿದಿದ್ದ ತೋಟಾಗಳನ್ನೂ ಠಾಣೆಯಲ್ಲಿ ಠೇವಣಿ ಇಟ್ಟು ರಶೀದಿ ಪಡೆದರು. ಮುಂಗಡದ ಹಣವನ್ನು ನೆರೆಯವರಿಗೆ ಹಿಂದಿರುಗಿಸಿದರು. ನೆರೆಯವರು ಮೊದಲು ಮುನಿಸಿಕೊಂಡರಂತೆ. "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಕೇಳಿದರಂತೆ. ಅದಕ್ಕೆ ಆ ತಾಯಿ ಕೊಟ್ಟ ಉತ್ತರವನ್ನು ಮಗ ನನಗೆ ಹೇಳಿದರು. "ನಂಬಿಕೆ ಇದೆ ತಮ್ಮಾ. ಅದಕ್ಕೇ ನಿನ್ನನ್ನು ಜೈಲಿಗೆ ಕಳಿಸುವ ಕೆಲಸ ನಾನು ಮಾಡುವುದಿಲ್ಲ."

ಈಗ ನೆರೆಯವರು ತಮ್ಮ ಹೆಸರಿಗೇ ಲೈಸೆನ್ಸಿಗಾಗಿ ಅರ್ಜಿ ಹಾಕಿದ್ದಾರೆ. ಸಿಗುತ್ತದೋ ಇಲ್ಲವೋ ತಿಳಿಯದು. ಸಿಕ್ಕರೆ ಆ ಕೋವಿಯನ್ನು ಅವರಿಗೇ ಕೊಡುವುದೆಂದು ಮನೆಯವರು ಮಾತು ಕೊಟ್ಟಿದ್ದಾರೆ, ತಿಳಿವಳಿಕೆ ಪತ್ರ ಕೊಟ್ಟು 45 ದಿನ ಕಾದ ಮೇಲೆ.